ಬಿಪಿ ನೋಡಿಸಿಕೊಳ್ಳಲು ಬಂದ ಮೇಡಂಗಳು

ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಕೋಲಾರದ ನಮ್ಮ ಮನೆಗೆ ಬಂದಿದ್ದಳು. ಓದಿನಲ್ಲಿ ಜಾಣೆ, ಕೈಗುಣವೂ ಇದೆ ಎಂದು ಕೇಳಿದ್ದೇನೆ. ಕಾಫಿ ಕುಡಿದು, ತಟ್ಟೆಯಲ್ಲಿದ್ದ ನಿಪ್ಪಟ್ಟು ಮುಗಿಸಿ, ಏಳುವ ಹೊತ್ತಿಗೆ ಕೇಳಿದಳು: "ಮೇಡಂ, ಅಲ್ಲಿ ನಿಜವಾಗ್ಲೂ ಕೆಲಸ ಅಂತ ಏನಿರುತ್ತೆ? ಲೇಡಿ ಲೆಕ್ಚರರ್ಸ್ ಬರ್ತಾರೆ, ಬಿಪಿ ನೋಡಿ ಅಂತಾರೆ. ನೋಡಿದ್ರೆ ಎಲ್ಲರದೂ ನಾರ್ಮಲ್ಲು. ಥ್ಯಾಂಕ್ಸ್ ಹೇಳಿ ಹೋಗ್ತಾರೆ."

ನನಗೆ ನಗು ತಡೆಯಲಾಗಲಿಲ್ಲ. ನಾನೂ ಮೊದಲ ವರ್ಷವೆಲ್ಲ ಹೀಗೇ ಅಂದುಕೊಂಡಿದ್ದೆ. ಅವಳಿಗೆ ಬಾಯಲ್ಲಿ ಹೇಳಿದ್ದು ಅರ್ಧ. ಉಳಿದದ್ದನ್ನು ಅವಳಿಗೂ, ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಬರೆದಿಡುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಆರೋಗ್ಯ ಕೇಂದ್ರ ಎಂದರೆ ಆಟದ ಮೈದಾನಕ್ಕೆ ಅಂಟಿಕೊಂಡ ಒಂದು ಕೋಣೆ. ಒಂದು ಮಂಚ, ನೋವಿಗೆ ಹಚ್ಚುವ ಮುಲಾಮು, ಬ್ಯಾಂಡೇಜಿನ ಸುರುಳಿಗಳು. ಹೆಂಗಸರನ್ನು ಪರೀಕ್ಷೆ ಮಾಡಲು ಒಂದು ಪರದೆ ಕೂಡ ಇರಲಿಲ್ಲ. ಪರದೆ ಬೇಕೆಂದು ಕೇಳಲು ಹೋದಾಗ ಆಗಿನ ಕುಲಸಚಿವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಹುಡುಗರು ಕ್ರಿಕೆಟ್ ಆಡಿ ಕಾಲು ಉಳುಕಿಸಿಕೊಂಡ್ರೆ ಪಟ್ಟಿ ಕಟ್ಟಿ. ಹಾಸ್ಟೆಲ್ ಮಕ್ಕಳಿಗೆ ಜ್ವರ ಬಂದ್ರೆ ಮಾತ್ರೆ ಕೊಡಿ. ಇನ್ನು ಲೇಡಿ ಲೆಕ್ಚರರ್‌ಗಳಿಗೇನ್ರೀ ಕಾಯಿಲೆ? ನೆರಳಲ್ಲಿ ಕೂತು ಪಾಠ ಹೇಳೋರು."

ಅವರೇನೂ ಕೆಟ್ಟವರಲ್ಲ. ಪಾಠವನ್ನು ಯಾರೂ ಕೂತು ಹೇಳುವುದಿಲ್ಲ ಎಂಬುದು ಅವರಿಗೆ ಮರೆತುಹೋಗಿತ್ತು, ಅಷ್ಟೆ. ಪರದೆಯನ್ನು ನಾನೇ ಮನೆಯಿಂದ ತಂದು ಕಟ್ಟಿದೆ. ಹಳೆಯ ಸೀರೆ, ಹಸಿರು ಅಂಚಿನದು.

ಆಮೇಲೆ ತಾಲ್ಲೂಕಿನ ಕಾಲೇಜುಗಳಿಗೂ ವೈದ್ಯರು ಹೋಗಬೇಕೆಂದು ತೀರ್ಮಾನವಾಯಿತು. ಮಂಗಳವಾರ ಮಾಲೂರು, ಬುಧವಾರ ಶ್ರೀನಿವಾಸಪುರ, ಗುರುವಾರ ಮುಳಬಾಗಿಲು. ಮೊದಲ ಸುತ್ತಿಗೆ ಹೊರಡುವ ಮೊದಲು ಕಚೇರಿಯವರು ಉತ್ಸಾಹದಿಂದ ಸುತ್ತೋಲೆ ಕಳಿಸಿದರು: ಮಹಿಳಾ ಉಪನ್ಯಾಸಕಿಯರ ಸ್ತ್ರೀರೋಗ ತಪಾಸಣೆ, ಆಸಕ್ತರು ಹೆಸರು ನೋಂದಾಯಿಸತಕ್ಕದ್ದು. ಮಾಲೂರಿನಲ್ಲಿ ಜವಾನ ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಗಂಡಸರೂ ಹೆಂಗಸರೂ ಕೂತಿರುವಾಗ, "ಸ್ತ್ರೀರೋಗಕ್ಕೆ ಯಾವ್ಯಾವ ಮೇಡಂ ಬರ್ತೀರಿ, ಹೆಸರು ಹೇಳಿ" ಎಂದು ಕೂಗಿದನಂತೆ. ಆ ದಿನ ನನ್ನ ಮುಂದೆ ಬಂದು ಕೂತವರು ಇಬ್ಬರೇ. ಒಬ್ಬರು ಗಣಿತದ ಮೇಷ್ಟ್ರು, ಮಂಡಿ ನೋವು. ಇನ್ನೊಬ್ಬ ಅದೇ ಜವಾನ.

ಮುಂದಿನ ಸಲ ಸುತ್ತೋಲೆ ಬೇಡವೆಂದೆ. ಸ್ಟಾಫ್ ರೂಮಿಗೆ ನಾನೇ ಹೋಗಿ, "ಎಲ್ಲರದೂ ಬಿಪಿ ನೋಡ್ತೀನಿ, ಬನ್ನಿ" ಎಂದೆ. ಬಿಪಿ ಗೌರವದ ಕಾಯಿಲೆ. ಅದನ್ನು ನೋಡಿಸಿಕೊಳ್ಳುವುದರಲ್ಲಿ ಯಾರಿಗೂ ನಾಚಿಕೆಯಿಲ್ಲ, ಪ್ರಿನ್ಸಿಪಾಲರಿಗೂ ಇದೆ, ಇಲ್ಲದವರಿಗೆ ಏನೋ ಕೊರತೆ ಎನ್ನಿಸುತ್ತದೆ. ಪಕ್ಕದ ಖಾಲಿ ಕೋಣೆಯಲ್ಲಿ ಒಬ್ಬೊಬ್ಬರೇ ಬಂದು ಕೂತರು. ಆಗ ಕಂಡುಕೊಂಡದ್ದು ಇದು: ತೋಳಿಗೆ ಪಟ್ಟಿ ಕಟ್ಟಿ, ಕಿವಿಗೆ ಸ್ಟೆತೊಸ್ಕೋಪ್ ಸಿಕ್ಕಿಸಿ ಗಾಳಿ ಒತ್ತುತ್ತಿರುತ್ತೇನಲ್ಲ, ಆಗಲೇ ಅವರು ಬಾಯಿ ಬಿಡುತ್ತಾರೆ. ಡಾಕ್ಟರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯವೋ, ಕೇಳಿಸಿದರೂ ಅರ್ಧ ಕೇಳಿಸಲಿ ಎಂಬ ಲೆಕ್ಕವೋ! ಗೋಡೆ ನೋಡುತ್ತ ಹೇಳುತ್ತಾರೆ. ಮುಟ್ಟು ನಿಲ್ಲುತ್ತಿಲ್ಲ, ಪಾಠದ ಮಧ್ಯೆ ಮೈಯೆಲ್ಲ ಬೆವರಿ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತೇನೆ, ಸಂಜೆಗೆ ದನಿಯೇ ಹೊರಡುವುದಿಲ್ಲ, ಉಚ್ಚೆ ಉರಿ. ನಾನು ಗಾಳಿ ಬಿಡುವುದನ್ನು ನಿಧಾನ ಮಾಡಿದೆ. ಈಗ ಗುಂಡಿ ಒತ್ತಿದರೆ ತಾನೇ ಅಂಕಿ ತೋರಿಸುವ ಯಂತ್ರ ಬಂದಿದೆ. ಇರಲಿ, ಅದು ಸರಿಯಾಗಿಯೇ ತೋರಿಸುತ್ತದೆ. ಆದರೆ ಅಂಕಿ ಬಂದ ತಕ್ಷಣ "ನಾರ್ಮಲ್, ನೆಕ್ಸ್ಟ್" ಎನ್ನಬೇಡಮ್ಮ. ಬಂದವಳು ಬಿಪಿಗಾಗಿ ಬಂದಿರುವುದಿಲ್ಲ.

ಉಚ್ಚೆ ಉರಿಯ ಮಾತು ಶ್ರೀನಿವಾಸಪುರದಲ್ಲಿ ಎಷ್ಟು ಜನ ಹೇಳಿದರೆಂದರೆ, ಊರಿನ ನೀರೇ ಕೆಟ್ಟಿರಬೇಕು ಎಂದುಕೊಂಡೆ. ನೀರು ಚೆನ್ನಾಗಿಯೇ ಇತ್ತು, ಕುಡಿಯುವವರಿರಲಿಲ್ಲ. ಬೆಳಿಗ್ಗೆ ಕೋಲಾರದಲ್ಲಿ ಬಸ್ ಹತ್ತುವ ಮೊದಲು ನಿಲ್ಲಿಸಿದ ನೀರನ್ನು ಸಂಜೆ ಮನೆಗೆ ಬಂದು ಕುಡಿಯುತ್ತಿದ್ದರು. "ಯಾಕ್ರಮ್ಮಾ?" ಎಂದರೆ, ಹೆಂಗಸರ ಶೌಚಾಲಯಕ್ಕೆ ಬೀಗ, ಬೀಗದ ಕೈ ಪ್ರಿನ್ಸಿಪಾಲರ ಕುರ್ಚಿಯ ಹಿಂದೆ ಮೊಳೆಗೆ ನೇತುಹಾಕಿದೆ. ಅವರ ಮುಂದೆ ಯಾರಾದರೂ ಕೂತಿರುತ್ತಾರೆ. ಹೋಗಿ, ಕುರ್ಚಿಯ ಹಿಂದೆ ಕೈಚಾಚಿ ತೆಗೆದುಕೊಳ್ಳಬೇಕು. ವಿದ್ಯಾರ್ಥಿಗಳು ಹಾಳುಮಾಡುತ್ತಾರೆಂದು ಬೀಗವಂತೆ. ಬೀಗದ ಕೈ ಮೇಡಂಗಳ ಬಳಿಯೇ ಇರಲಿ ಎಂದು ಕುಲಸಚಿವರಿಂದ ಆದೇಶ ಮಾಡಿಸಿ ತಂದೆ. ಮುಂದಿನ ಬುಧವಾರ ಹೋದರೆ ಬೀಗದ ಕೈ ಜವಾನನ ಸೊಂಟದಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ನನಗೆ ಸಿಟ್ಟು ಬಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಬೀಗ ಕೊಂಡು, ಹಳೆಯದನ್ನು ಒಡೆಸಿ, ಅದರ ಬೀಗದ ಕೈಗಳನ್ನು ಮೇಡಂಗಳಿಗೆ ಹಂಚಿ ಬಂದೆ. ಸರ್ಕಾರಿ ಬೀಗ ಒಡೆಸಿದ್ದಕ್ಕೆ ನನ್ನಿಂದ ವಿವರಣೆ ಕೇಳಿದರು. ಆ ವರ್ಷ ಉಚ್ಚೆ ಉರಿಯ ಮಾತ್ರೆ ಅರ್ಧಕ್ಕರ್ಧ ಉಳಿಯಿತು ಎಂದು ವಿವರಣೆ ಬರೆದುಕೊಟ್ಟೆ.

ಇವೆಲ್ಲ ನಕ್ಕು ಮರೆಯಬಹುದಾದ ಸಂಗತಿಗಳು. ವೆಂಕಟಲಕ್ಷ್ಮಿಯದು ಹಾಗಲ್ಲ.

ವೆಂಕಟಲಕ್ಷ್ಮಿ ಮುಳಬಾಗಿಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಕಾಯಂ ಅಲ್ಲದವಳು. ಪ್ರತಿ ಸೆಮಿಸ್ಟರಿಗೂ ಪ್ರಿನ್ಸಿಪಾಲರು ಹೊಸದಾಗಿ ಅವರ್ಸ್ ಹಂಚುತ್ತಾರೆ, ಅಂದರೆ ವಾರಕ್ಕೆ ಇಷ್ಟು ಪಾಠ ನಿನ್ನದು ಎಂದು. ಕೊಟ್ಟರೆ ಕೆಲಸ, ಕೊಡದಿದ್ದರೆ ಮನೆ. ಅವಳು ತಾಯಲೂರಿನ ಕಡೆಯ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದವಳು, ಹಿಪ್ಪುನೇರಳೆ, ರೇಷ್ಮೆಹುಳು, ರಾಗಿ. ಆ ಮನೆಯಲ್ಲಿ ಕಾಲೇಜಿಗೆ ಹೋಗಿ ಪಾಠ ಹೇಳುವ ಮೊದಲ ಹೆಂಗಸು. ಮಾತು ಕಡಿಮೆ. ಮಕ್ಕಳಿಗೆ ಅವಳ ಪಾಠವೆಂದರೆ ಇಷ್ಟ. ತೆಲುಗು ಮಾತಾಡುವ ಮಕ್ಕಳಿಗೆ ತೆಲುಗಿನಲ್ಲಿ ಇನ್ನೊಂದು ಸಲ ವಿವರಿಸುತ್ತಿದ್ದಳು.

ಒಂದು ಗುರುವಾರ ಎಲ್ಲರಂತೆ ಅವಳೂ ಬಂದು ತೋಳು ಚಾಚಿದಳು. ಸೆರಗನ್ನು ಎರಡೂ ಹೆಗಲಿಗೆ ಹೊದ್ದಿದ್ದಳು. ಇವಳದೇನು ಗುಟ್ಟಿರಬಹುದು ಎಂದು ನಾನು ಗಾಳಿಯನ್ನು ನಿಧಾನವಾಗಿ ಬಿಡುತ್ತಿದ್ದೆ. ಅವಳು ಏನೂ ಹೇಳಲಿಲ್ಲ. ಪಾದರಸ ಹೇಳಿತು: ನೂರೈವತ್ತು, ನೂರು. ಇನ್ನೊಮ್ಮೆ ನೋಡಿದೆ, ಅಷ್ಟೇ. ಕಾಲು ನೋಡಿದೆ. ಚಪ್ಪಲಿಯ ಪಟ್ಟಿ ಊತದಲ್ಲಿ ಹೂತಿತ್ತು.

"ಎಷ್ಟು ತಿಂಗಳಮ್ಮ?" ಎಂದೆ.

ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದಳು. "ಆರನೇದು ನಡೀತಿದೆ ಮೇಡಂ. ಯಾರ್ಗೂ ಹೇಳ್ಬೇಡಿ. ಎರಡ್ಸಲ ಹೋಗಿಬಿಟ್ಟಿದೆ."

"ಪ್ರಿನ್ಸಿಪಾಲರಿಗೆ?"

"ಅವರ್ಗೆ ಗೊತ್ತಾದ್ರೆ ಮುಂದಿನ ಸೆಮ್‌ಗೆ ನನ್ನ ಅವರ್ಸ್ ಬೇರೇರ್ಗೆ ಹೋಗ್ತವೆ. ಹೋದ್ವರ್ಷ ಹಿಸ್ಟರಿ ಮೇಡಂಗೆ ಹಂಗೇ ಆಯ್ತು. ಡ್ಯೂ ಡೇಟು ರಜದಲ್ಲೇ ಬೀಳುತ್ತೆ ಮೇಡಂ, ನಾನು ಲೆಕ್ಕ ಹಾಕಿದೀನಿ. ಈ ಸೆಮ್ ಮುಗಿಸ್ತೀನಿ, ರಜದಲ್ಲಿ ಹೆರಿಗೆ, ಕಾಲೇಜ್ ಶುರುವಾಗೋಷ್ಟ್ರಲ್ಲಿ ಬಂದ್ಬಿಡ್ತೀನಿ."

ಅರ್ಥಶಾಸ್ತ್ರದ ಮೇಡಂ ಎಲ್ಲ ಲೆಕ್ಕ ಹಾಕಿದ್ದಳು. ಬಾಣಂತನಕ್ಕೆ ಮಾತ್ರ ಲೆಕ್ಕದಲ್ಲಿ ಜಾಗ ಇರಲಿಲ್ಲ.

ಅವಳನ್ನು ಕೋಲಾರದ ಹೆರಿಗೆ ತಜ್ಞೆಯ ಬಳಿಗೆ ಕಳಿಸಿದೆ. ಅವರು ಮಾತ್ರೆ ಬರೆದು, ವಾರವಾರ ತೋರಿಸಬೇಕು, ವಿಶ್ರಾಂತಿ ಬೇಕೇ ಬೇಕು ಎಂದರು. ನಾನು ಮನೆಯಲ್ಲಿರು ಎಂದು ಗದರಿದೆ. ಅವಳು ಜಗ್ಗಲಿಲ್ಲ. ರೋಗಿಯ ಗುಟ್ಟನ್ನು ಪ್ರಿನ್ಸಿಪಾಲರಿಗೆ ಹೇಳುವ ಹಕ್ಕು ನನಗಿಲ್ಲ, ಸುಮ್ಮನಿದ್ದರೆ ಎರಡು ಜೀವಕ್ಕೆ ಅಪಾಯ. ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಕೊನೆಗೆ, "ನಿಂತು ಪಾಠ ಮಾಡೋದನ್ನಾದ್ರೂ ಬಿಡು. ಆ ಮಹಡಿ ಮೆಟ್ಟಿಲು ಹತ್ತಬೇಡ" ಎಂದೆ. ಒಂದು ಷರತ್ತಿಗೆ ಒಪ್ಪಿಸಿದೆ: ಪಕ್ಕದ ಕುರ್ಚಿಯ ಶಾಹಿದಾ ಮೇಡಂಗಾದರೂ ವಿಷಯ ತಿಳಿಸಬೇಕು.

ಶಾಹಿದಾ ವಾಣಿಜ್ಯ ವಿಭಾಗದ ಕಾಯಂ ಉಪನ್ಯಾಸಕಿ, ಮುಳಬಾಗಿಲಿನ ವ್ಯಾಪಾರಸ್ಥರ ಮನೆಯವರು, ಗಟ್ಟಿ ಗಂಟಲಿನ ಹೆಂಗಸು. ಕೇಳಿದ ತಕ್ಷಣ ನಕ್ಕರು. "ಅಯ್ಯೋ ಡಾಕ್ಟ್ರೇ, ನಂಗೆ ಮೂರ್ ಮಕ್ಳು. ಇವಳ್ ಸೆರಗು ನೋಡ್ದಾಗ್ಲೇ ತಿಳೀತು. ಬಿಡಿ, ನಾನ್ ನೋಡ್ಕೋತೀನಿ. ಪ್ರಿನ್ಸಿಪಾಲ್‌ಗೆ ಕ್ಲಾಸ್ ನಡೀತಿದ್ರೆ ಆಯ್ತು, ಯಾರ್ ನಿಂತಿದಾರೆ ಅಂತ ಎಲ್ಲಿ ನೋಡ್ತಾರೆ?"

ಎರಡು ವಾರ ಕಳೆದು ಹೋದಾಗ ಶಾಹಿದಾ ಬೀಗುತ್ತ ಹೇಳಿದರು, ಎಲ್ಲ ಏರ್ಪಾಡಾಗಿದೆ, ವೆಂಕಟಲಕ್ಷ್ಮಿ ಈಗ ಕುರ್ಚಿ ಬಿಟ್ಟು ಏಳುವುದೇ ಇಲ್ಲ ಎಂದು. ಅವಳ ಪಾಠಗಳನ್ನು ನಾಲ್ಕೈದು ಮೇಡಂಗಳು ಹಂಚಿಕೊಂಡಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನಗೂ ಸಮಾಧಾನವಾಯಿತು. ಬಿಪಿ ಮಾತ್ರ ಇಳಿದಿರಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ, ಇಳಿಯುತ್ತದೆ ಎಂದಳು ವೆಂಕಟಲಕ್ಷ್ಮಿ.

ಇಲ್ಲಿ ಸ್ಟಾಫ್ ರೂಮಿನ ಒಂದು ಪದ್ಧತಿ ಹೇಳಬೇಕು. ಒಬ್ಬರ ಪಾಠವನ್ನು ಇನ್ನೊಬ್ಬರು ತೆಗೆದುಕೊಂಡರೆ ಅದಕ್ಕೆ 'ಅಡ್ಜಸ್ಟ್‌ಮೆಂಟ್' ಎನ್ನುತ್ತಾರೆ. ಅದನ್ನು ತೀರಿಸಲೇಬೇಕು. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ನಿಮ್ಮ ಒಂದು ಪಾಠ ನಾನು ಮಾಡಿದರೆ ನನ್ನ ಒಂದು ಪಾಠ ನೀವು ಮಾಡಬೇಕು. ಯಾರೂ ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಮುಯ್ಯಿ ಇದ್ದ ಹಾಗೆ. ಅದರಲ್ಲೂ ಅತಿಥಿ ಉಪನ್ಯಾಸಕಿ ಕಾಯಂ ಮೇಡಂಗಳ ಹಂಗಿನಲ್ಲಿರಲು ಒಪ್ಪುತ್ತಾಳೆಯೇ? ನಿಂತು ತೀರಿಸಲಾಗದ್ದನ್ನು ವೆಂಕಟಲಕ್ಷ್ಮಿ ಕೂತು ತೀರಿಸುತ್ತಿದ್ದಳು. ಆ ನಾಲ್ಕೈದು ಜನರ ಟೆಸ್ಟ್ ಪೇಪರುಗಳು, ಅಸೈನ್‌ಮೆಂಟುಗಳು, ಎಲ್ಲವನ್ನೂ ಅವಳೇ ತಿದ್ದುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲು ಇಳಿಬಿಟ್ಟು, ಕತ್ತು ಬಗ್ಗಿಸಿ. ಮುಗಿಯದ್ದನ್ನು ಚೀಲದಲ್ಲಿ ತುಂಬಿಕೊಂಡು ತಾಯಲೂರಿನ ಬಸ್ ಹತ್ತುತ್ತಿದ್ದಳು. ಅತ್ತೆ ಒಲೆಯ ಹತ್ತಿರಕ್ಕೂ ಬಿಟ್ಟುಕೊಳ್ಳದೆ, "ಕೂತ್ಕೊಂಡು ಬರ್ಕೊಳವ್ವ" ಎಂದು ಪ್ರೀತಿಯಿಂದ ಹೇಳುತ್ತಿದ್ದರಂತೆ. ಬರೆಯುವುದೂ ಕೆಲಸವೆಂದು ಆ ತಾಯಿಗೆ ಹೇಗೆ ತಿಳಿಯಬೇಕು? ಎಂಎ ಓದಿದ ಮೇಡಂಗಳಿಗೇ ತಿಳಿದಿರಲಿಲ್ಲ. ಲೆಕ್ಚರರುಗಳ ಲೋಕದಲ್ಲಿ ನಿಂತದ್ದು ಕೆಲಸ, ಕೂತದ್ದು ವಿಶ್ರಾಂತಿ. ಅವರೆಲ್ಲ ತಮ್ಮ ತಮ್ಮ ಬಸಿರಿನಲ್ಲಿ ಹಾಗೆಯೇ 'ವಿಶ್ರಾಂತಿ' ಪಡೆದವರು.

ಒಂದು ಬುಧವಾರ ನಾನು ಶ್ರೀನಿವಾಸಪುರದಲ್ಲಿದ್ದೆ. ಶಾಹಿದಾ ಫೋನ್ ಮಾಡಿದರು.

"ಡಾಕ್ಟ್ರೇ, ವೆಂಕಟಲಕ್ಷ್ಮಿಗೆ ಏನೋ ಆಗ್ತಿದೆ. ನನ್ನ ಕ್ಲಾಸಿನ ಪೇಪರ್ ತಿದ್ತಿದ್ಲು. ನೋಡ್ತೀನಿ, ಒಂದೇ ಹುಡುಗಂಗೆ ಎರಡ್ಸಲ ಮಾರ್ಕ್ಸ್ ಹಾಕಿದಾಳೆ, ಇನ್ನೊಬ್ಬಂದು ಬಿಟ್ಟೇಬಿಟ್ಟಿದಾಳೆ. ಯಾಕಮ್ಮ ಅಂದ್ರೆ, ಅಕ್ಷರ ಎರಡೆರಡು ಕಾಣ್ತಾವೆ ಆಪಾ ಅಂತಾಳೆ. ತಲೆ ಸಿಡೀತಿದೆಯಂತೆ."

ಯಾವ ಪೇಪರು, ಎಷ್ಟು ಪೇಪರು ಎಂದು ಕೇಳಿದೆ. ಆಗಲೇ ನನಗೆ ಈ ಏರ್ಪಾಡು ಪೂರ್ತಿ ತಿಳಿದದ್ದು. ಬೈಯಲು ಹೊತ್ತಿರಲಿಲ್ಲ. "ಎಡಮಗ್ಗುಲಿಗೆ ಮಲಗಿಸಿ. ನೀರು ಕೂಡ ಕೊಡಬೇಡಿ. ಯಾರ ಕಾರಿದ್ದರೂ ಅದರಲ್ಲಿ ನೇರ ಕೋಲಾರಕ್ಕೆ ಹೊರಡಿ, ನಾನೂ ಹೊರಟೆ" ಎಂದೆ.

ಮಲಗಿಸಲು ಆ ಕಾಲೇಜಿನಲ್ಲಿ ಒಂದು ಮಂಚ ಇರಲಿಲ್ಲ. ಸ್ಟಾಫ್ ರೂಮಿನ ಎರಡು ಮೇಜು ಸೇರಿಸಿ, ತಿದ್ದಿದ ಪೇಪರುಗಳ ಕಟ್ಟುಗಳನ್ನು ನೆಲಕ್ಕೆ ತಳ್ಳಿ, ಅದರ ಮೇಲೆ ಮಲಗಿಸಿದರಂತೆ. ಶಾಹಿದಾರ ತಮ್ಮ ಅಂಗಡಿ ಬಾಗಿಲು ಎಳೆದು ಕಾರು ತಂದ. ಗದ್ದಲ ಕೇಳಿ ಪ್ರಿನ್ಸಿಪಾಲರು ಹೊರಗೆ ಬಂದಾಗ, ತಮ್ಮ ಅರ್ಥಶಾಸ್ತ್ರದ ಉಪನ್ಯಾಸಕಿ ಬಸುರಿ ಎಂಬುದು ಅವರಿಗೆ ಮೊದಲ ಸಲ ತಿಳಿಯಿತು.

ಆಸ್ಪತ್ರೆಯ ಬಾಗಿಲಲ್ಲಿ ನಾನು ಅವಳ ಕೈ ಹಿಡಿದಾಗ ಅವಳು ಹೇಳಿದ್ದು ಒಂದೇ ಮಾತು. "ಮೇಡಂ, ಸೆಮ್ ಮುಗ್ದಿಲ್ಲ." ಅಷ್ಟು ಹೊತ್ತಿಗೆ ಒಂದು ಸಲ ಫಿಟ್ಸ್ ಬಂದಾಗಿತ್ತು. ಆಪರೇಷನ್ ಮಾಡಿದರು. ಹೆಣ್ಣು ಮಗು, ದಿನ ತುಂಬದ್ದು, ಅಂಗೈಯಗಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿ ಎರಡು ದಿನ ಕಣ್ಣು ಬಿಡಲಿಲ್ಲ. ಆ ಎರಡು ದಿನ ನಾನು ದೇವರಿಗೆ ಕೈಮುಗಿದಷ್ಟು ಜೀವಮಾನದಲ್ಲಿ ಮುಗಿದಿಲ್ಲ. ಶಾಹಿದಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತರು. "ನಾನೇ ಪೇಪರ್ ಕೊಟ್ಟೆ ಡಾಕ್ಟ್ರೇ. ಬೇಡ ಅಂದ್ರೂ ಅವಳು ಕೇಳ್ಲಿಲ್ಲ. ಕೂತೇ ಇದಾಳಲ್ಲ ಅಂದ್ಕೊಂಡೆ." ವೆಂಕಟಲಕ್ಷ್ಮಿಯ ಅತ್ತೆ ಪಕ್ಕದಲ್ಲೇ ಇದ್ದರು. ಶಾಹಿದಾರ ಬೆನ್ನು ಸವರುತ್ತ, "ಏಡವೊದ್ದಮ್ಮಾ, ಅಳ್ಬೇಡ, ನೀನು ಕರ್ಕೊಂಡ್ ಬಂದಿದ್ಕೇ ಉಳಿದ್ಲು" ಎಂದರು.

ತಾಯಿ ಉಳಿದಳು. ಮಗುವೂ ಉಳಿಯಿತು. ಅವರ್ಸ್ ಉಳಿಯಲಿಲ್ಲ. ಸೆಮಿಸ್ಟರ್ ಪೂರ್ತಿ ಮಾಡದವಳಿಗೆ ಮುಂದಿನದು ಕೊಡಲಾಗದು ಎಂದು ಪ್ರಿನ್ಸಿಪಾಲರು ಬೇರೆ ಹುಡುಗಿಗೆ ಹಂಚಿದರು.

ನಾನು ವೆಂಕಟಲಕ್ಷ್ಮಿಯ ಮನೆಗೆ ಹೋಗಿ, ನಿನ್ನ ಹೆಸರು ಹೇಳಿ ಈ ವಿಷಯ ಎತ್ತಲೇ ಎಂದು ಕೇಳಿದೆ. ಹುಳುಮನೆಯ ಪಕ್ಕದ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. "ನೀವ್ಯಾಕೆ ಹೇಳ್ಬೇಕು ಮೇಡಂ, ನಾನೇ ಬರ್ತೀನಿ" ಎಂದಳು.

ಆ ಹೊತ್ತಿಗೆ ಕುಲಸಚಿವರು ಬದಲಾಗಿದ್ದರು. ಹೊಸಬರು ವಯಸ್ಸಾದವರು, ಮೃದು ಮಾತಿನವರು. ತಾಲ್ಲೂಕುಗಳ ಪ್ರಿನ್ಸಿಪಾಲರನ್ನೂ ಸಭೆಗೆ ಕರೆಸಿದ್ದರು. ನಾನು ಮಂಚ, ಪರದೆ, ಶೌಚಾಲಯ, ದನಿ ಹೋದವರಿಗೆ ಮೈಕು, ಎಲ್ಲ ಹೇಳಿದೆ. ತಲೆಯಾಡಿಸಿದರು. ಅತಿಥಿ ಉಪನ್ಯಾಸಕಿಯರ ಹೆರಿಗೆಯ ಮಾತು ಬಂದಾಗ ಸಭೆ ಬಿಗಿಯಾಯಿತು. ವೆಂಕಟಲಕ್ಷ್ಮಿ ಎದ್ದು ನಿಂತಳು. ಇನ್ನೂ ಬಿಳಿಚಿಕೊಂಡೇ ಇದ್ದಳು. ಅತ್ತೆ ಹೊರಗೆ ವರಾಂಡದಲ್ಲಿ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದರು.

ಕುಲಸಚಿವರು ಕನಿಕರದಿಂದಲೇ ಕೇಳಿದರು. "ನೀವು ಮೊದ್ಲೇ ಹೇಳ್ಬೇಕಿತ್ತಲ್ವಾ ತಾಯಿ? ಪ್ರಾಣಕ್ಕೆ ತಂದ್ಕೊಂಡ್ರಲ್ಲ. ನಾವೇನು ರಾಕ್ಷಸರಾ?"

"ಹೇಳಿದ್ರೆ ನನ್ನ ಅವರ್ಸ್ ಇರ್ತಿದ್ವಾ ಸಾರ್?" ಎಂದಳು. ಗದ್ದಲವಿಲ್ಲ, ಸಿಟ್ಟಿಲ್ಲ. ಪಾಠದಲ್ಲಿ ಪ್ರಶ್ನೆ ಕೇಳುವ ದನಿ.

ಎಲ್ಲರೂ ಮುಳಬಾಗಿಲಿನ ಪ್ರಿನ್ಸಿಪಾಲರ ಕಡೆ ನೋಡಿದರು. ನಿಯಮ, ಕೆಲಸದ ಹೊರೆ ಎಂದು ಏನಾದರೊಂದು ಹೇಳುತ್ತಾರೆ ಎಂದು ನಾನು ಜಗಳಕ್ಕೆ ಸಿದ್ಧವಾಗಿ ಕೂತಿದ್ದೆ. ಅವರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು.

"ಇರ್ತಿರ್ಲಿಲ್ಲ ಸಾರ್" ಎಂದರು. "ಬೇರೇರ್ಗೆ ಕೊಡ್ತಿದ್ದೆ. ಹಿಂದೆ ಕೊಟ್ಟೂ ಇದೀನಿ."

ಆ ಮನುಷ್ಯನ ಮೇಲೆ ನನಗಿದ್ದ ಕೋಪವೆಲ್ಲ ಆ ಕ್ಷಣ ಇಳಿಯಿತು. ಅವರು ಸುಳ್ಳು ಹೇಳಿದ್ದರೆ ನಾವು ಇಂದಿಗೂ ವಾದ ಮಾಡುತ್ತಿರುತ್ತಿದ್ದೆವು. ಆದೇಶ ಆ ತಿಂಗಳಲ್ಲೇ ಹೊರಟಿತು. ಹೆರಿಗೆಗೆ ಹೋದ ಅತಿಥಿ ಉಪನ್ಯಾಸಕಿಯ ಅವರ್ಸನ್ನು ಕಾಯ್ದಿರಿಸಬೇಕು, ಅವಳು ಬರುವವರೆಗೆ ತಾತ್ಕಾಲಿಕ ವ್ಯವಸ್ಥೆ ಮಾಡಬೇಕು, ಪ್ರತಿ ಕಾಲೇಜಿನಲ್ಲೂ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಅದರಲ್ಲಿ ಮಂಚ ಇರಬೇಕು. ಆ ರಜೆಗೆ ಸಂಬಳದ ಮಾತು ಅದರಲ್ಲಿಲ್ಲ. ಅದಕ್ಕೆ ಇನ್ನೂ ಹೊಡೆದಾಡಬೇಕು, ಅದು ಈಗಿನವರ ಪಾಲಿನ ಕೆಲಸ. ವೆಂಕಟಲಕ್ಷ್ಮಿ ಒಂದು ಸೆಮಿಸ್ಟರ್ ಮನೆಯಲ್ಲಿ ಕಳೆದು ಮತ್ತೆ ಪಾಠಕ್ಕೆ ಬಂದಳು.

ನಿವೃತ್ತಿಗೆ ಮುಂಚಿನ ಕೊನೆಯ ಮಂಗಳವಾರ ಮಾಲೂರಿಗೆ ಹೋಗಿದ್ದೆ. ಹಿಂದೆ ಜವಾನ ಸುತ್ತೋಲೆ ಹಿಡಿದು ಕೂಗಿದ್ದ ಅದೇ ಸ್ಟಾಫ್ ರೂಮು ತುಂಬಿತ್ತು, ಗಂಡಸರೇ ಹೆಚ್ಚು. ನಾನು ಒಳಗೆ ಕಾಲಿಟ್ಟಿದ್ದೇ ತಡ, ಆ ವರ್ಷ ಸೇರಿದ್ದ ಅತಿಥಿ ಉಪನ್ಯಾಸಕಿಯೊಬ್ಬಳು ಅಷ್ಟು ದೂರದ ಕುರ್ಚಿಯಿಂದಲೇ ಕೂಗಿ ಕೇಳಿದಳು. "ಡಾಕ್ಟ್ರಮ್ಮ, ನಂಗೀಗ ನಾಲ್ಕು ತಿಂಗಳು. ಮೂರನೇ ಮಹಡಿ ಹತ್ಬಹುದಾ?"

ನಾನು ಉತ್ತರ ಕೊಡುವ ಮೊದಲೇ ಹಾಜರಿ ಬರೆಯುತ್ತಿದ್ದ ಭೂಗೋಳದ ಮೇಷ್ಟ್ರು ತಲೆ ಎತ್ತದೆ ಹೇಳಿದರು. "ಯಾಕಮ್ಮ ಹತ್ತಬೇಕು? ನನ್ನ ಕ್ಲಾಸ್ ಕೆಳಗೇ ಇದೆ, ರೂಮು ಬದಲಾಯಿಸಿಕೊಳ್ಳೋಣ." ಪಕ್ಕದವರು ಯಾರೂ ಅವಳ ಕಡೆ ತಿರುಗಿ ಕೂಡ ನೋಡಲಿಲ್ಲ. ಒಬ್ಬರು ಡಬ್ಬಿ ಬಿಚ್ಚಿ ಊಟಕ್ಕೆ ಕೂತರು. ನನಗೆ ಕಣ್ಣು ತುಂಬಿ ಬಂತು. ನನಗೆ ಏನಾಯಿತೆಂದು ತಿಳಿಯದೆ ಅವಳು, "ಹತ್ಬಾರ್ದಾ ಡಾಕ್ಟ್ರಮ್ಮ?" ಎಂದು ಮತ್ತೆ ಕೇಳಿದಳು, ಮೊದಲಿಗಿಂತ ಗಟ್ಟಿಯಾಗಿ.